ಹತ್ತು ಜನರ ಎದುರು ಹೇಳಬೇಕಾದ ಮಾತು

ಕಳೆದ ಶನಿವಾರ ಬೆಳಿಗ್ಗೆ ಬಾಸ್ಟನ್ ಪಕ್ಕದ ಬ್ರೂಕ್‌ಲೈನಿನ ನಮ್ಮ ಸಿನಗಾಗ್‌ನಲ್ಲಿ, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಧರ್ಮಗ್ರಂಥ ತೋರಾ ಓದುವ ಹೊತ್ತಿಗೆ ನನ್ನನ್ನು ಮುಂದೆ ಕರೆದರು. ಮೇಜಿನ ಅಂಚು ಹಿಡಿದು ನಿಂತೆ. ಹೇಳಬೇಕಾಗಿದ್ದದ್ದು ಒಂದೇ ಸಾಲು. ಅದಕ್ಕಾಗಿ ಹತ್ತು ತಿಂಗಳು ಕಾದಿದ್ದೆ. ಅದರ ಹೆಸರು ‘ಬಿರ್ಕಾತ್ ಹಗೋಮೆಲ್’. ಯೋಗ್ಯತೆ ಇಲ್ಲದವರಿಗೂ ಒಳ್ಳೆಯದು ಮಾಡುವ ದೇವರೇ, ನನಗೂ ಎಲ್ಲ ಒಳ್ಳೆಯದು ಮಾಡಿದೆ, ನಿನಗೆ ಶರಣು ಅನ್ನೋದು ಅದರ ಅರ್ಥ.

ಇದನ್ನು ನಾಲ್ಕು ಥರದ ಜನ ಹೇಳಬೇಕು. ಸಮುದ್ರ ದಾಟಿ ಬಂದವರು, ಮರುಭೂಮಿ ದಾಟಿದವರು, ಸೆರೆಯಿಂದ ಬಿಡುಗಡೆ ಆದವರು, ದೊಡ್ಡ ಕಾಯಿಲೆಯಿಂದ ಎದ್ದು ಬಂದವರು. ಮನೆಯಲ್ಲಿ ಒಬ್ಬರೇ ಕೂತು ಹೇಳಿಕೊಂಡರೆ ಸಾಲದು. ಹತ್ತು ಜನ ಎದುರಿಗಿರಬೇಕು. ಕೇಳಿದ ಮೇಲೆ ಅವರೆಲ್ಲ ಒಟ್ಟಿಗೆ ಉತ್ತರ ಕೊಡುತ್ತಾರೆ: ‘ನಿನಗೆ ಒಳ್ಳೆಯದು ಮಾಡಿದವನು ಇನ್ನು ಮುಂದೆಯೂ ಒಳ್ಳೆಯದನ್ನೇ ಮಾಡಲಿ.’

ಅವತ್ತು ಆ ಸಭೆಯಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಆದರೆ ನನ್ನನ್ನು ಕೈಹಿಡಿದು ಈಚೆ ದಡಕ್ಕೆ ತಂದವರಲ್ಲಿ ಅರ್ಧ ಜನ ಕನ್ನಡದವರೇ. ಅದಕ್ಕೇ ಇದನ್ನು ಇಲ್ಲಿ ಇನ್ನೊಮ್ಮೆ ಹೇಳಬೇಕು ಅನ್ನಿಸಿತು.

ಮಾರ್ಚ್ ಮೊದಲ ವಾರ ನನ್ನ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿದ್ದ ಗಡ್ಡೆಯನ್ನು ತೆಗೆದರು. ಎಚ್ಚರವಾದಾಗ ಹೊಟ್ಟೆಯ ಬಲಗಡೆ ಒಂದು ಚೀಲ ಅಂಟಿಕೊಂಡಿತ್ತು. ಸಣ್ಣ ಕರುಳಿನ ಒಂದು ಸುರುಳಿಯನ್ನು ಹೊಟ್ಟೆಯ ಮೇಲಕ್ಕೆ ತಂದು, ಅಲ್ಲಿಂದಲೇ ಎಲ್ಲ ಹೊರಗೆ ಬರುವ ಹಾಗೆ ಮಾಡಿದ್ದರು. ಕೆಲವು ತಿಂಗಳ ಮಟ್ಟಿಗೆ ಅಷ್ಟೇ ಅಂತ ಮೊದಲೇ ಹೇಳಿದ್ದರು. ಆದರೂ ಅದನ್ನು ನೋಡಲು ನನಗೆ ಮೂರು ದಿನ ಹಿಡಿಯಿತು. ಮೊದಲ ಸಲ ಚೀಲ ಬದಲಿಸುವುದನ್ನು ಕಲಿಸಿದ ನರ್ಸ್ ನನ್ನ ಕೈಮೇಲೆ ತಮ್ಮ ಕೈ ಇಟ್ಟುಕೊಂಡೇ ಕಲಿಸಿದರು. ಒಂದು ಸಲವೂ ಮುಖ ಕಿವುಚಲಿಲ್ಲ. ನನ್ನ ಮೊದಲ ಧನ್ಯವಾದ ಅವರಿಗೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಾನು ಹುಟ್ಟಿದ್ದು ಹಾಸನದಲ್ಲಿ. ನನ್ನ ಗಂಡ ಯೆಹೂದಿ ಮನೆತನದವರು. ಮದುವೆಗೆ ಮುಂಚೆ ಒಂದು ವರ್ಷ ಓದಿ, ಮೂವರು ರಬ್ಬಿಗಳ (ಯೆಹೂದಿ ಧರ್ಮಗುರುಗಳ) ಮುಂದೆ ಕೂತು, ಮಿಕ್ವೆ ಅನ್ನುವ ನೀರಿನ ಕೊಳದಲ್ಲಿ ಮುಳುಗೆದ್ದು ನಾನೂ ಯೆಹೂದಿ ಆದೆ. ಒಪ್ಪಿಯೇ ಆದೆ, ಪ್ರೀತಿಯಿಂದಲೇ ಆದೆ. ಆದರೆ ಎಷ್ಟೋ ವರ್ಷ ಅದು ಬರೀ ಹಬ್ಬ, ಅಡುಗೆ, ಶುಕ್ರವಾರದ ಮೇಣದಬತ್ತಿ ಇಷ್ಟೇ ಆಗಿತ್ತು. ಪ್ರಾರ್ಥನೆಯ ಹೀಬ್ರೂ ಬಾಯಿಗೆ ಬರುತ್ತಿತ್ತು, ಎದೆಗೆ ಇಳಿಯುತ್ತಿರಲಿಲ್ಲ. ಕಷ್ಟ ಬಂದಾಗ ಬಾಯಲ್ಲಿ ಬರುತ್ತಿದ್ದದ್ದು ‘ಅಯ್ಯೋ ದೇವ್ರೇ’ ಅಂತಲೇ. ಅದು ತಪ್ಪೇನೋ ಅಂತ ಒಳಗೊಳಗೇ ಒಂದು ಅಳುಕಿತ್ತು.

ಆಸ್ಪತ್ರೆಯವರು ಎಂಟು ವಾರದ ಮೈಂಡ್‌ಫುಲ್‌ನೆಸ್ (ಅರಿವಿನ ಧ್ಯಾನ) ತರಗತಿಗೆ ಸೇರಿಸಿದರು. ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಇಲ್ಲೇ ಹತ್ತಿರದ ವೂಸ್ಟರ್‌ನ ಆಸ್ಪತ್ರೆಯಲ್ಲಿ ಶುರು ಮಾಡಿದ ಕ್ರಮ ಅದು. ಈ ದಾರಿಯ ಹಿಂದಿನ ಕಥೆ ಕೇಳಿದರೆ ಆಶ್ಚರ್ಯ ಆಗುತ್ತದೆ. ಯೆಹೂದಿ ಮನೆಗಳಲ್ಲಿ ಹುಟ್ಟಿದ ಜೋಸೆಫ್ ಗೋಲ್ಡ್‌ಸ್ಟೀನ್, ಶೆರನ್ ಸಾಲ್ಜ್‌ಬರ್ಗ್ ಅಂಥವರು ಬೋಧಗಯೆಗೆ ಹೋಗಿ ಧ್ಯಾನ ಕಲಿತು ಬಂದರು. 1975ರಲ್ಲಿ ಜ್ಯಾಕ್ ಕಾರ್ನ್‌ಫೀಲ್ಡ್ ಜೊತೆ ಸೇರಿ ಇದೇ ಮ್ಯಾಸಚೂಸೆಟ್ಸ್‌ನಲ್ಲಿ ಧ್ಯಾನ ಕೇಂದ್ರ ಕಟ್ಟಿದರು. ಸಿಲ್ವಿಯಾ ಬೂರ್‌ಸ್ಟೀನ್ ಅದನ್ನು ರಬ್ಬಿಗಳಿಗೇ ಕಲಿಸಿದರು. ಗಯೆಯಿಂದ ಹೊರಟದ್ದು ಹೀಗೆ ಸುತ್ತಿಕೊಂಡು ಬಂದು ಹಾಸನದ ಹುಡುಗಿಯನ್ನು ಬಾಸ್ಟನ್ ಪಕ್ಕದಲ್ಲಿ ಮುಟ್ಟಿತು.

ತರಗತಿಯಲ್ಲಿ ಚಾಪೆ ಮೇಲೆ ಮಲಗಿಸಿ, ಎಡಗಾಲಿನ ಬೆರಳಿಂದ ಶುರು ಮಾಡಿ ನೆತ್ತಿಯವರೆಗೆ ಮೈಯೆಲ್ಲ ಗಮನಿಸಲು ಹೇಳುತ್ತಿದ್ದರು. ಪಾದ ಆಯಿತು, ಮಂಡಿ ಆಯಿತು, ತೊಡೆ ಆಯಿತು. ಹೊಟ್ಟೆಗೆ ಬಂದ ಕೂಡಲೇ ಮನಸ್ಸು ಹಾರಿ ಎದೆಗೆ ಹೋಗುತ್ತಿತ್ತು. ಹೊಟ್ಟೆಯ ಹತ್ತಿರ ನಿಲ್ಲಲು ಆಗುತ್ತಲೇ ಇರಲಿಲ್ಲ. ನನ್ನ ಮೈಯ ಮೇಲೆ ನನಗೇ ಅಷ್ಟು ಸಿಟ್ಟು.

ಇದನ್ನು ನಮ್ಮ ರಬ್ಬಿಯ ಹತ್ತಿರ ಹೇಳಿಕೊಂಡೆ. ಅವರು ಬುಧವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಕೆಲವರನ್ನು ಸೇರಿಸಿ ಇಪ್ಪತ್ತು ನಿಮಿಷ ಸುಮ್ಮನೆ ಕೂರಿಸುತ್ತಾರೆ. ಇದು ಹೊಸ ಫ್ಯಾಷನ್ ಅಲ್ಲ. ಹಿಂದಿನ ಭಕ್ತರು ಪ್ರಾರ್ಥನೆಗೆ ಮುಂಚೆ ಒಂದು ಗಂಟೆ ಸುಮ್ಮನಿದ್ದು ಮನಸ್ಸು ಹದ ಮಾಡಿಕೊಳ್ಳುತ್ತಿದ್ದರು ಅಂತ ಯೆಹೂದಿಗಳ ಹಳೆಯ ಧರ್ಮಸಂಹಿತೆ ಮಿಶ್ನಾದಲ್ಲೇ ಇದೆ. ಅಲ್ಲಿ ಕಲಿತ ಮೊದಲ ಪಾಠ ಉಸಿರಿನದು. ಹೀಬ್ರೂನಲ್ಲಿ ‘ನೆಶಮಾ’ ಅಂದರೆ ಆತ್ಮ, ‘ನೆಶಿಮಾ’ ಅಂದರೆ ಉಸಿರು. ನಮ್ಮಲ್ಲಿ ಪ್ರಾಣ ಅಂದರೆ ಎರಡೂ ಬರುತ್ತದಲ್ಲ, ಹಾಗೆ. ‘ನೀನು ನನ್ನೊಳಗಿಟ್ಟ ಈ ನೆಶಮಾ ಶುದ್ಧವಾಗಿದೆ’ ಅಂತ ಬೆಳಗಿನ ಪ್ರಾರ್ಥನೆಯಲ್ಲಿ ಒಂದು ಸಾಲಿದೆ. ಅದನ್ನು ಉಸಿರಿನ ಜೊತೆ ನಿಧಾನಕ್ಕೆ ಹೇಳಿಕೊಳ್ಳಲು ಕಲಿಸಿದರು.

ಆಮೇಲೆ ರಬ್ಬಿ ಇನ್ನೊಂದನ್ನು ನೆನಪಿಸಿದರು. ‘ಅಶೆರ್ ಯತ್ಸರ್’. ಇದು ಶೌಚಕ್ಕೆ ಹೋಗಿ ಬಂದು ಕೈ ತೊಳೆದ ಮೇಲೆ ಹೇಳುವ ಪ್ರಾರ್ಥನೆ. ಸುಮಾರು 1700 ವರ್ಷದ ಹಿಂದೆ ಬಾಬಿಲೋನಿನಲ್ಲಿದ್ದ ಅಬಾಯೆ ಎಂಬ ಗುರು ಹೇಳಿಕೊಟ್ಟದ್ದು ಅಂತ ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥ ತಾಲ್ಮುಡ್‌ನಲ್ಲಿದೆ. ಮನುಷ್ಯನನ್ನು ಬುದ್ಧಿವಂತಿಕೆಯಿಂದ ಮಾಡಿ, ಅವನೊಳಗೆ ಎಷ್ಟೋ ದ್ವಾರ, ಎಷ್ಟೋ ಪೊಟರೆ ಇಟ್ಟಿದ್ದೀಯ. ಅದರಲ್ಲಿ ಒಂದು ಒಡೆದುಕೊಂಡರೂ, ಒಂದು ಕಟ್ಟಿಕೊಂಡರೂ ನಿನ್ನ ಮುಂದೆ ನಿಲ್ಲಲು ಆಗುವುದಿಲ್ಲ ಅಂತ ನಿನಗೆ ಗೊತ್ತು – ಹೀಗೆ ಹೋಗುತ್ತದೆ. ವರ್ಷಗಟ್ಟಲೆ ಪುಸ್ತಕದಲ್ಲಿ ನೋಡಿದ್ದೆ. ಓದಿ ಪುಟ ತಿರುಗಿಸಿದ್ದೆ.

‘ಚೀಲ ಖಾಲಿ ಮಾಡಿದ ಮೇಲೆ ಇದನ್ನು ನಾನು ಹೇಳಬಹುದಾ?’ ಅಂತ ಕೇಳಿದೆ.

‘ನಿಮಗಿಂತ ಜಾಸ್ತಿ ಅರ್ಥ ಆಗಿ ಹೇಳುವವರು ನಮ್ಮಲ್ಲಿ ಯಾರಿದ್ದಾರೆ?’ ಅಂದರು.

ಅವತ್ತು ರಾತ್ರಿ ಬಚ್ಚಲುಮನೆಯಲ್ಲಿ, ಸಿಂಕಿನ ಮುಂದೆ ಒದ್ದೆ ಕೈಯಲ್ಲಿ ನಿಂತು, ಒಂದೊಂದೇ ಪದ ಹೇಳಿದೆ. ಹೊಟ್ಟೆಯ ಮೇಲಿನ ಆ ಕೆಂಪು ಗುಬುಟು ಕೂಡ ಒಂದು ದ್ವಾರವೇ. ಕಟ್ಟಿದ್ದನ್ನು ತೆಗೆದು ನನ್ನನ್ನು ನಿಲ್ಲಿಸಿದ್ದು ಅದೇ. ಅವತ್ತಿಂದ ಧ್ಯಾನದಲ್ಲಿ ಹೊಟ್ಟೆಯ ಹತ್ತಿರ ನಿಲ್ಲಲು ಸಾಧ್ಯವಾಯಿತು. ಮೊದಲು ಒಂದು ಉಸಿರಿನಷ್ಟು, ಆಮೇಲೆ ಹತ್ತು ಉಸಿರಿನಷ್ಟು. ರಬ್ಬಿಗೆ ನನ್ನ ಧನ್ಯವಾದ ಈ ಒಂದು ಮಾತಿಗಾಗಿ. ಬೇರೆ ಎಷ್ಟೋ ಇದೆ, ಆದರೆ ಇದು ಎಲ್ಲಕ್ಕಿಂತ ದೊಡ್ಡದು.

ಏಪ್ರಿಲ್‌ನಲ್ಲಿ ಕೀಮೋ ಶುರುವಾಯಿತು. ನನಗೆ ಕೊಟ್ಟ ಒಂದು ಔಷಧದಿಂದ ತಣ್ಣಗಿರುವುದನ್ನು ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ಫ್ರಿಜ್ಜಿನ ಬಾಗಿಲು, ನಲ್ಲಿ ನೀರು, ಸ್ಟೀಲ್ ಲೋಟ ಯಾವುದನ್ನೂ ಮುಟ್ಟುವ ಹಾಗಿರಲಿಲ್ಲ. ಯೆಹೂದಿಗಳು ಬೆಳಿಗ್ಗೆ ಎದ್ದ ಕೂಡಲೇ ‘ಮೋದಾ ಅನಿ’ ಅಂತ ಹೇಳುತ್ತಾರೆ. ನನ್ನ ಪ್ರಾಣವನ್ನು ವಾಪಸ್ ಕೊಟ್ಟೆಯಲ್ಲ, ನಿನಗೆ ಕೃತಜ್ಞಳು ಅಂತ. ಆಮೇಲೆ ಎರಡು ಹಿಡಿಯ ಚೆಂಬಿನಿಂದ ಕೈ ಮೇಲೆ ನೀರು ಸುರಿದುಕೊಳ್ಳಬೇಕು. ನನ್ನ ಗಂಡ ಆರು ತಿಂಗಳು ದಿನಾ ನನಗಿಂತ ಮುಂಚೆ ಎದ್ದು, ಆ ಚೆಂಬಿಗೆ ಬೆಚ್ಚಗಿನ ನೀರು ತುಂಬಿ, ಹಿಡಿಗೆ ಟವೆಲ್ ಸುತ್ತಿ ಮಂಚದ ಪಕ್ಕ ಇಡುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ. ಬಲಗೈಗೆ, ಎಡಗೈಗೆ, ಬಲಗೈಗೆ, ಎಡಗೈಗೆ... ಮೂರು ಮೂರು ಸಲ. ಇವರಿಗೆ ಥ್ಯಾಂಕ್ಸ್ ಹೇಳುವುದಕ್ಕೆ ನನ್ನ ಹತ್ತಿರ ಪದ ಇಲ್ಲ, ಹೋಗಲಿ ಬಿಡಿ. ಅವರಿಗೆ ಗೊತ್ತು.

ಅತ್ತೆಯ ವಿಷಯ ಹೇಳಲೇಬೇಕು. ಕೀಮೋ ಶುರುವಾದ ವಾರವೇ, ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಆದದ್ದನ್ನು ನೆನೆಯುವ ಪೆಸಾಖ್ ಹಬ್ಬ ಬಂತು. ಪೂರ್ವ ಯುರೋಪಿನಿಂದ ಬಂದ ಮನೆತನಗಳಲ್ಲಿ ಆ ಎಂಟು ದಿನ ಬ್ರೆಡ್ ಅಲ್ಲದೆ ಅಕ್ಕಿ, ಬೇಳೆ, ಕಾಳನ್ನೂ ತಿನ್ನುವ ರೂಢಿ ಇಲ್ಲ. ಅತ್ತೆ ಎಪ್ಪತ್ತು ದಾಟಿದವರು. ಹುಟ್ಟಿದಾಗಿನಿಂದ ಪೆಸಾಖ್‌ನಲ್ಲಿ ಅವರ ಮನೆಯ ಒಲೆ ಮೇಲೆ ಅಕ್ಕಿ ಏರಿದ್ದೇ ಇಲ್ಲ. 2015ರಲ್ಲಿ ನಮ್ಮ ಕನ್ಸರ್ವೇಟಿವ್ ಪಂಥದ ರಬ್ಬಿಗಳ ಸಮಿತಿ ತಿನ್ನಬಹುದು ಅಂತ ಹೇಳಿದ ಮೇಲೂ ಅವರು ಬದಲಾಗಿರಲಿಲ್ಲ. ಚೀಲ ಇರುವವರಿಗೆ ಸಿಪ್ಪೆ, ನಾರು ಆಗುವುದಿಲ್ಲ. ಮೆತ್ತಗಿನ ಬಿಳಿ ಅನ್ನ, ಉಪ್ಪು ಹಾಕಿದ ತಿಳಿ ಬೇಕು. ನಾನು ಕೇಳಲಿಲ್ಲ. ಹಬ್ಬದ ಮೊದಲ ದಿನ ಅವರೇ ಹೊಸ ಪಾತ್ರೆ ತಂದು, ಎರಡು ಸಲ ಅಕ್ಕಿ ತೊಳೆದು, ನೀರು ಜಾಸ್ತಿ ಇಟ್ಟು ಬೇಯಿಸಿದರು. ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನನಗೆ ತೋರಿಸಿ, ‘ಇಷ್ಟು ಸಾಕಾ, ಇನ್ನೂ ಬೇಯಬೇಕಾ?’ ಅಂತ ಕೇಳಿದರು. ನಮ್ಮಮ್ಮ ನೋಡುವ ಹಾಗೇ ನೋಡಿದರು. ನಾನು ಅತ್ತುಬಿಟ್ಟೆ.

ಅದೇ ರಾತ್ರಿಯಿಂದ ಅತ್ತೆ ನನ್ನ ಜೊತೆ ಓಮೆರ್ ಎಣಿಸಲು ಶುರು ಮಾಡಿದರು. ಪೆಸಾಖ್‌ನಿಂದ ಶಾವುಓತ್ ಹಬ್ಬದವರೆಗೆ 49 ರಾತ್ರಿ, ಕತ್ತಲಾದ ಮೇಲೆ ಒಂದು ಪ್ರಾರ್ಥನೆ ಹೇಳಿ ‘ಇವತ್ತಿಗೆ ಇಷ್ಟು ದಿನ, ಇಷ್ಟು ವಾರ’ ಅಂತ ಬಾಯಿಬಿಟ್ಟು ಎಣಿಸಬೇಕು. ಇದಕ್ಕಿಂತ ಸರಳ ಧ್ಯಾನ ನನಗೆ ಗೊತ್ತಿಲ್ಲ. ಇವತ್ತು ಎಷ್ಟನೇ ದಿನ ಅನ್ನೋದು ಬಿಟ್ಟು ಬೇರೇನೂ ಕೇಳುವುದಿಲ್ಲ. ಸ್ಕ್ಯಾನ್‌ನಲ್ಲಿ ಏನು ಬರುತ್ತದೋ, ಮುಂದಿನ ವರ್ಷ ಇರುತ್ತೀನೋ ಇಲ್ಲವೋ – ಅದೆಲ್ಲ ಆ ಎಣಿಕೆಯಲ್ಲಿ ಬರುವುದಿಲ್ಲ. 23ನೇ ದಿನ ಜ್ವರ ಬಂದು ಆಸ್ಪತ್ರೆಗೆ ಹೋದೆ. ರಾತ್ರಿಯೂ ಎಣಿಸಲಿಲ್ಲ, ಮಾರನೇ ಹಗಲೂ ಎಣಿಸಲಿಲ್ಲ. ಒಂದು ದಿನ ಪೂರ್ತಿ ತಪ್ಪಿದರೆ ಆಮೇಲೆ ಪ್ರಾರ್ಥನೆ ಹೇಳುವ ಹಾಗಿಲ್ಲ. ಎಲ್ಲ ಹಾಳಾಯಿತು ಅಂತ ಕೂತಿದ್ದೆ. ಅತ್ತೆ ಮಂಚದ ಮೇಲೆ ಬಂದು ಕೂತು, ‘ಪ್ರಾರ್ಥನೆ ಇಲ್ಲ ಅಷ್ಟೇ. ಎಣಿಕೆ ಇದೆ. ಎಣಿಸು’ ಅಂದರು. ಇಬ್ಬರೂ ಎಣಿಸಿದೆವು. ಅವರಿಗೇನೂ ತಪ್ಪಿರಲಿಲ್ಲ, ಆದರೂ ಪ್ರಾರ್ಥನೆಯನ್ನು ನನಗೆ ಕೇಳಿಸದ ಹಾಗೆ ಬಾಯೊಳಗೇ ಹೇಳಿಕೊಂಡು, ಎಣಿಕೆಯನ್ನು ಮಾತ್ರ ನನ್ನ ಜೊತೆ ಜೋರಾಗಿ ಹೇಳುತ್ತಿದ್ದರು. 49ನೇ ರಾತ್ರಿಯವರೆಗೂ.

ಶಾವುಓತ್ ದಿನ ಬೈಬಲಿನ ರೂತಳ ಕಥೆ ಓದುತ್ತಾರೆ. ಬೇರೆ ನಾಡಿನಿಂದ ಬಂದ ಸೊಸೆ, ಅತ್ತೆಯ ಕೈ ಬಿಡದೆ ಹೋದವಳು. ನಮ್ಮ ಮನೆಯಲ್ಲಿ ಕೈ ಬಿಡದೆ ಇದ್ದವರು ಅತ್ತೆ.

ಇನ್ನು ಕನ್ನಡದ ಗೆಳತಿಯರು. ನೀವು ಸರದಿ ಹಾಕಿಕೊಂಡು ತಂದ ತಿಳಿಸಾರು, ಮಜ್ಜಿಗೆ, ಗಂಜಿಯಿಂದ ಬೇಸಿಗೆ ಕಳೆಯಿತು. ನಮ್ಮ ಮನೆಯಲ್ಲಿ ಕೋಷರ್ (ಯೆಹೂದಿ ಆಹಾರ ನಿಯಮ) ಪಾಲಿಸುತ್ತೇವೆ ಅಂತ ಒಬ್ಬಳು ಸಾರಿಗೆಂದೇ ಬೇರೆ ಪಾತ್ರೆ, ಬೇರೆ ಸೌಟು ತೆಗೆದಿಟ್ಟಿದ್ದಳು ಅಂತ ನನಗೆ ಮೊನ್ನೆ ಮೊನ್ನೆ ಗೊತ್ತಾಯಿತು. ಅಂಗಡಿಯ ಸಾರಿನ ಪುಡಿ ಯಾಕೆ ಅಂತ ಮನೆಯಲ್ಲೇ ಹುರಿದು ಮಾಡಿದ್ದಳಂತೆ. ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಹೇಗೆ ತೀರಿಸಲಿ ನಿಮ್ಮ ಋಣ?

ಕೊನೆಯದಾಗಿ, ನಾನು ಕಣ್ಣಲ್ಲಿ ನೋಡದ ಒಬ್ಬರಿಗೆ. ಬ್ರೆಸ್ಲೊವ್‌ನ ರಬ್ಬಿ ನಹ್ಮಾನ್, 1772ರಿಂದ 1810ರವರೆಗೆ ಈಗಿನ ಉಕ್ರೇನಿನ ಕಡೆ ಇದ್ದವರು. ಅವರು ಹೇಳಿಕೊಟ್ಟ ಧ್ಯಾನಕ್ಕೆ ‘ಹಿತ್ಬೊದೆದುತ್’ ಅನ್ನುತ್ತಾರೆ. ದಿನಕ್ಕೆ ಒಂದಷ್ಟು ಹೊತ್ತು ಒಬ್ಬರೇ ಹೋಗಿ, ಹೊಲದಲ್ಲೋ ಕಾಡಲ್ಲೋ ಕೋಣೆಯಲ್ಲೋ, ದೇವರ ಹತ್ತಿರ ಗೆಳೆಯನ ಹತ್ತಿರ ಮಾತಾಡಿದ ಹಾಗೆ ಮಾತಾಡಿ. ಹೀಬ್ರೂನಲ್ಲಿ ಬೇಡ, ದಿನಾ ಆಡುವ ಭಾಷೆಯಲ್ಲಿ ಆಡಿ, ಅದರಲ್ಲೇ ಮನಸ್ಸು ಬಿಚ್ಚಿಕೊಳ್ಳುತ್ತದೆ ಅಂದರು. ಅವರ ಜನಕ್ಕೆ ಅದು ಯಿಡ್ಡಿಶ್, ಪೂರ್ವ ಯುರೋಪಿನ ಯೆಹೂದಿಗಳ ಮನೆಮಾತು. ಮಾತೇ ಬರದಿದ್ದರೆ ಒಂದೇ ಪದ ಹೇಳುತ್ತಿರಿ, ಅದೂ ಸಾಕು ಅಂದರು.

ರಬ್ಬಿ ಇದನ್ನು ಓದಿ ಹೇಳಿದಾಗ ನಾನು ಮಧ್ಯದಲ್ಲೇ ಕೇಳಿದೆ: ‘ಕನ್ನಡ?’ ಅವರು ನಕ್ಕು, ‘ಮತ್ತಿನ್ಯಾವುದು?’ ಅಂದರು.

ಮಾರನೇ ದಿನ ರಿಸರ್ವಾಯರ್ ದಂಡೆಗೆ ಹೋದೆ. ನೀರಿನ ಸುತ್ತ ಸುಮಾರು ಒಂದು ಮೈಲಿ ದಾರಿ. ಕೈಗೆ ಉಣ್ಣೆಯ ಗವಸು, ಜಾಕೆಟ್ಟಿನ ಕೆಳಗೆ ಚೀಲ. ಅರ್ಧ ಸುತ್ತು ಬಾಯಿಂದ ಏನೂ ಬರಲಿಲ್ಲ. ಆಮೇಲೆ ಬಂದದ್ದು ಅದೇ – ‘ಅಯ್ಯೋ ದೇವ್ರೇ’. ಈ ಸಲ ಅಳುಕಿರಲಿಲ್ಲ. ಅದನ್ನೇ ಹೇಳುತ್ತಾ ನಡೆದೆ. ಆಮೇಲೆ ಭಯ ಆಗ್ತಿದೆ ಅಂದೆ. ಮಗಳಿಗೆ ಇನ್ನೂ ಒಂಬತ್ತು ವರ್ಷ ಅಂದೆ. ನಮ್ಮ ವಚನಕಾರರು ಅಷ್ಟು ಸಲಿಗೆಯಿಂದ ಕನ್ನಡದಲ್ಲಿ ದೇವರನ್ನು ಮಾತಾಡಿಸಿದ್ದು ಚಿಕ್ಕಂದಿನಿಂದ ಕೇಳಿದ್ದೆ. ಆ ಸಲಿಗೆ ನನಗೆ ಸಿಕ್ಕಿದ್ದು ಅವತ್ತು, ಬಾಸ್ಟನ್ನಿನ ಚಳಿಗಾಳಿಯಲ್ಲಿ. ಈಗಲೂ ವಾರಕ್ಕೆ ಮೂರು ಸಲವಾದರೂ ಹೋಗುತ್ತೇನೆ.

ನವೆಂಬರ್‌ನಲ್ಲಿ ಚೀಲ ತೆಗೆದು ಕರುಳನ್ನು ಮತ್ತೆ ಜೋಡಿಸಿದರು. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ನಡೆದುಕೊಂಡು ಬರುವ ರೀತಿಯಲ್ಲೇ ಗೊತ್ತಾಯಿತು.

ಮೊನ್ನೆ ಶನಿವಾರ ಶಬ್ಬಾತ್, ಅಂದರೆ ಯೆಹೂದಿಗಳ ವಿಶ್ರಾಂತಿಯ ದಿನ, ಆದ್ದರಿಂದ ಫೋನ್ ಮುಟ್ಟುವ ಹಾಗಿರಲಿಲ್ಲ. ಹಗೋಮೆಲ್ ಹೇಳಿದ್ದನ್ನು ಅಮ್ಮನಿಗೆ ತೋರಿಸಲು ಆಗಲಿಲ್ಲ. ಈ ಹತ್ತು ತಿಂಗಳು ಸಿನಗಾಗ್‌ನಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ ರಬ್ಬಿ ನನ್ನನ್ನು, ಮತಾಂತರವಾಗಿ ಬಂದವರಿಗಿರುವ ರೂಢಿಯಂತೆ, ಮೂಲತಾಯಿ ‘ಸಾರಾಳ ಮಗಳು’ ಅಂತ ಹೇಳಿ, ಆಮೇಲೆ ನಮ್ಮಮ್ಮನ ಹೆಸರನ್ನೂ ಸೇರಿಸುತ್ತಿದ್ದರು. ಅಮ್ಮ ಅತ್ತ ಹಾಸನಾಂಬೆಗೆ ಹರಕೆ ಹೊತ್ತು, ‘ನಿಮ್ಮ ದೇವರಿಗೂ ನಾನೇ ಬೇಡಿಕೊಂಡರೆ ತಪ್ಪಾಗುತ್ತಾ?’ ಅಂತ ಕೇಳಿದ್ದಳು. ಕತ್ತಲಾಗಿ, ಶಬ್ಬಾತ್ ಬೀಳ್ಕೊಡುವ ಹವ್ದಾಲಾ ಮುಗಿಸಿ, ಲವಂಗದ ವಾಸನೆ ಇನ್ನೂ ಕೈಯಲ್ಲಿರುವಾಗಲೇ ಫೋನ್ ಮಾಡಿದೆ. ಹಾಸನದಲ್ಲಿ ಬೆಳಗಿನ ಜಾವ ನಾಲ್ಕರ ಹತ್ತಿರ. ಒಂದೇ ರಿಂಗಿಗೆ ಎತ್ತಿದಳು.

‘ಏನು ಹೇಳಿದೆಯೋ ಅದನ್ನು ನನಗೂ ಹೇಳು’ ಅಂದಳು. ಕನ್ನಡದಲ್ಲಿ ಹೇಳಿದೆ. ಉತ್ತರ ಕೊಡಬೇಕು ಅಂತಲೂ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನು ಮುಂದೆಯೂ ಒಳ್ಳೇದೇ ಮಾಡ್ಲಿ ಮಗಾ’ ಅಂದಳು. ಆಮೇಲೆ, ‘ಹತ್ತು ಜನ ಬೇಕು ಅಂದ್ಯಲ್ಲ, ಇಲ್ಲಿ ನಾನೊಬ್ಬಳೇ ಇದೀನಿ’ ಅಂದಳು.

ಅಮ್ಮ ಒಬ್ಬಳಾದಳು. ಉಳಿದ ಒಂಬತ್ತು ಜನ ನೀವು.