ಗೋಡೆಯ ಕಲೆ

ಪುಟ್ಟಿ,

ನಿನ್ನ ಪತ್ರ ಬಂತು. ಮನೆ ಕೊಂಡಿದ್ದು, ಸಾಲ, ನಿಮ್ಮಪ್ಪನ ಸಿಟ್ಟು, ಇವೆಲ್ಲ ಇಬ್ಬರಿಗೂ ಗೊತ್ತಿರೋ ಕಥೆ, ಬಿಡು. ನನ್ನ ನಿದ್ದೆ ಕೆಡಿಸಿದ್ದು ಕೊನೆಯಲ್ಲಿ ಏನೋ ಮರೆತು ನೆನಪಾದವಳ ಹಾಗೆ ನೀನು ಬರೆದ ಎರಡು ಸಾಲು. ಬಚ್ಚಲಿನ ಆಚೆ ಬದಿಯ ಗೋಡೆಯಲ್ಲಿ ಅಂಗೈ ಅಗಲದ ಕಲೆ ಇದೆ, ಬಂದಾಗಿನಿಂದ ನೋಡ್ತಾ ಇದ್ದೀನಿ, ಕಂಪನಿಗೆ ಹೇಳಿದರೆ ಪ್ರೀಮಿಯಂ ಏರಿಸ್ತಾರೇನೋ ಅಂತ ಭಯ, ಜಾಸ್ತಿ ಆದರೆ ಹೇಗೂ ಇನ್ಶೂರೆನ್ಸ್ ಇದೆಯಲ್ಲ, ಅದಕ್ಕೇ ಸುಮ್ನೆ ಇದ್ದೀನಿ ಅಂತ.

ನೀನು ಸುಮ್ನೆ ಇದ್ದೀಯ ಅನ್ನೋದೇ ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ.

ನೋಡು, ನೀನು ತಿಳಿದುಕೊಂಡಿರೋದು ಪೂರ್ತಿ ತಲೆಕೆಳಗು. ಮನೆ ವಿಮೆಯವರು ನೀರಿನ ವಿಷಯದಲ್ಲಿ ಮೊದಲು ಕೇಳೋದು ಎಷ್ಟು ಹಾಳಾಯ್ತು ಅಂತ ಅಲ್ಲ, ಎಷ್ಟು ದಿನದಿಂದ ಅಂತ. ರಾತ್ರಿ ಪೈಪು ಒಡೆದು ಬೆಳಗ್ಗೆ ಮನೆಯೆಲ್ಲ ನೀರಾದರೆ ಸಾಮಾನ್ಯವಾಗಿ ಕೊಡುತ್ತಾರೆ, ಅದು ಹಠಾತ್ತಾಗಿ ಆದದ್ದು. ಅದೇ ಪೈಪು ಹನಿ ಹನಿಯಾಗಿ ತಿಂಗಳುಗಟ್ಟಲೆ ಜಿನುಗಿ ಅದೇ ಗೋಡೆಯನ್ನು ತಿಂದರೆ ಹೆಚ್ಚಿನ ಪಾಲಿಸಿಗಳಲ್ಲಿ ಏನೂ ಸಿಗೋದಿಲ್ಲ. ಅದು ಮನೆಯ ಯಜಮಾನ ನೋಡಿಕೊಳ್ಳಬೇಕಾದ ಕೆಲಸ ಅನ್ನುತ್ತಾರೆ. ಅಂದರೆ ಆ ಕಲೆ 'ಜಾಸ್ತಿ ಆಗಲಿ' ಅಂತ ನೀನು ಕಾದಷ್ಟೂ ನಿನ್ನ ಕ್ಲೇಮು ಬಲವಾಗೋದಿಲ್ಲ, ಸವೆಯುತ್ತೆ. ಗೋಡೆ ಒಳಗೆ ಯಾರಿಗೂ ಕಾಣದ ಹಾಗೆ ಸೋರಿದ್ದಕ್ಕೆ ಕೆಲವು ಪಾಲಿಸಿಗಳು ಕೊಡುತ್ತವೆ, ನಿಜ. ಆದರೆ ಅದು ನಿನಗೆ ಗೊತ್ತಿಲ್ಲದಿದ್ದರೆ ಮಾತ್ರ. ನೀನು ನೋಡಿಬಿಟ್ಟಿದ್ದೀಯ.

ನಿನ್ನನ್ನು ಹೆದರಿಸೋಕೆ ಬರೆಯುತ್ತಿಲ್ಲ. ಸ್ವಲ್ಪ ಹೆದರಿಸೋಕೇ ಬರೆಯುತ್ತಿದ್ದೇನೆ ಅನ್ನು.

ಹಳೇ ಮನೆಯಲ್ಲಿ ಪೈಪು ಒಡೆದ ಕಥೆ ನೀನು ಕೇಳಿರುತ್ತೀಯ. ಒಂದು ರಾತ್ರಿ ಒಡೀತು, ಕೋಣೆಯೆಲ್ಲ ನೀರು, ವಿಮೆಯವರು ದುಡ್ಡು ಕೊಡಲಿಲ್ಲ, ಮೋಸಗಾರರು. ನಿಮ್ಮಪ್ಪನಿಗೆ ಗೊತ್ತಿರೋದೂ ಅಷ್ಟೇ. ನಾನು ಅಷ್ಟೇ ಹೇಳಿದ್ದು.

ಆದದ್ದು ಬೇರೆ. ನಿನ್ನಜ್ಜಿ ಆಗ ಆ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದಳು. ಪೈಪು ಒಡೆಯೋದಕ್ಕೆ ಮೂರು ತಿಂಗಳ ಮುಂಚಿನಿಂದ ಹೇಳುತ್ತಿದ್ದಳು, ಇಲ್ಲಿ ಏನೋ ಮುಗ್ಗಲು ವಾಸನೆ ಕಣೋ ಅಂತ. ನಾನು ಬಾಗಿಲಲ್ಲೇ ನಿಂತು ಒಮ್ಮೆ ಮೂಸಿ, ನಿನ್ನ ಹಳೇ ಸೀರೆಗಳ ವಾಸನೆ ಅದು ಅಂತ ನಕ್ಕೆ. ಬೀರುವಿನ ಪಕ್ಕ ಗೋಡೆ ಸ್ವಲ್ಪ ಕಪ್ಪಾಗಿತ್ತು. ಅದರ ಮೇಲೆ ಬಣ್ಣ ಹೊಡೆಸಿದೆ. ಒಂದಲ್ಲ, ಎರಡು ಸಲ. ಎರಡನೇ ಸಲ ಬಣ್ಣದವನೇ ಹೇಳಿದ, ಸಾರ್, ಒಳಗೆ ತೇವ ಇದೆ, ಬಣ್ಣ ನಿಲ್ಲಲ್ಲ ಅಂತ. ಪಾಲಿಸಿ ಇದೆ ಬಿಡಪ್ಪ ಅಂದೆ. ಅವನಿಗೇಕೆ ಆ ಮಾತು ಹೇಳಿದೆನೋ, ಈಗಲೂ ನಾಚಿಕೆ ಆಗುತ್ತೆ.

ಆಮೇಲೆ ಒಡೀತಲ್ಲ, ಎಷ್ಟು ಹಾಳಾಗಿದೆ ಅಂತ ನೋಡೋಕೆ ವಿಮೆಯ ಕಡೆಯಿಂದ ಸರ್ವೇಯರ್ ಬಂದ. ಪಾಪ ಸಣ್ಣ ಹುಡುಗ. ಬೀರುವನ್ನು ಮುಂದಕ್ಕೆ ಎಳೆಸಿದ. ಅದರ ಬೆನ್ನಿನ ಹಲಗೆ ಪದರ ಪದರವಾಗಿ ಕೈಗೇ ಬಂತು, ಗೋಡೆಯ ಮೇಲೆ ಆಳೆತ್ತರಕ್ಕೆ ಕಪ್ಪು ಬೂಷ್ಟು. ಒಂದು ರಾತ್ರಿಯಲ್ಲಿ ಬೂಷ್ಟು ಅಷ್ಟು ಬೆಳೆಯೋದಿಲ್ಲ ಅನ್ನೋದು ಮಕ್ಕಳಿಗೂ ಗೊತ್ತು. ಅವನು ಮೆಲ್ಲಗೆ ಕೇಳಿದ, ಇದು ಯಾವಾಗಿಂದ ಸಾರ್? ನಿನ್ನೆ ರಾತ್ರಿಯಿಂದ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಮಂಚದ ಮೇಲಿಂದ ಅಮ್ಮ ಹೇಳಿದಳು, "ಮೂರು ತಿಂಗಳಿಂದ ಹೇಳ್ತಾನೇ ಇದ್ದೀನಪ್ಪ, ಯಾರು ಕೇಳ್ತಾರೆ."

ಅವತ್ತು ನೆನೆದ ಹಾಸಿಗೆಗೆ ಒಂದಿಷ್ಟು ಕೊಟ್ಟರು. ಅದರಲ್ಲೂ ಮೊದಲು ನನ್ನ ಪಾಲು ಕಳೆದರು. ಪ್ರತಿ ಕ್ಲೇಮಿನಲ್ಲೂ ಇಷ್ಟು ನಮ್ಮದೇ ಅಂತ ಪಾಲಿಸಿಯಲ್ಲಿ ಇರುತ್ತಲ್ಲ, ಅದು. ಗೋಡೆಗೆ, ಬೀರುವಿಗೆ, ನೆಲಕ್ಕೆ ಇಲ್ಲ. ಪೈಪಿಗಂತೂ ಇಲ್ಲವೇ ಇಲ್ಲ, ಸವೆದ ಪೈಪಿಗೆ ಸಾಮಾನ್ಯವಾಗಿ ಯಾರೂ ಕೊಡೋದಿಲ್ಲ, ಅದರಿಂದ ಬಂದ ನೀರು ಮಾಡಿದ ಹಾಳಿಗೆ ಮಾತ್ರ. ನಾನು ಅಮ್ಮನ ಮೇಲೆ ರೇಗಿದೆ. ಬಾಯಿ ಮುಚ್ಚಿಕೊಂಡು ಇರೋಕೆ ಆಗ್ತಿರಲಿಲ್ವಾ ಅಂದುಬಿಟ್ಟೆ. ಮಂಚ ಸರಿಸುವಾಗ ಗೊತ್ತಾಯಿತು, ಅವಳೇ ಅದನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದುಕೊಂಡಿದ್ದಳು. ಆ ವಯಸ್ಸಿನಲ್ಲಿ, ಒಬ್ಬಳೇ. ಅಲ್ಲಿಂದ ಮುಂದೆ ಅವಳು ಯಾವ ವಾಸನೆಯ ಸುದ್ದಿಯನ್ನೂ ನನ್ನ ಹತ್ತಿರ ಎತ್ತಲಿಲ್ಲ.

ಏನೋ ಹೇಳೋಕೆ ಹೋಗಿ ಎಲ್ಲಿಗೋ ಬಂದೆ. ನಿನ್ನ ಗೋಡೆಯ ವಿಷಯ.

ಪ್ರೀಮಿಯಂ ಭಯ ಪೂರ್ತಿ ಸುಳ್ಳಲ್ಲ. ಸಣ್ಣ ಸಣ್ಣದಕ್ಕೆಲ್ಲ ಪದೇ ಪದೇ ಕ್ಲೇಮ್ ಮಾಡಿದರೆ ನವೀಕರಣದ ಹೊತ್ತಿಗೆ ಕಂಪನಿಗಳು ಮುಖ ಗಂಟು ಹಾಕಬಹುದು, ಕಂತು ಏರಿಸಲೂಬಹುದು. ಆದರೆ ಪುಟ್ಟಿ, ಪ್ಲಂಬರ್‌ಗೆ ಹೇಳೋದೇ ಬೇರೆ, ಕಂಪನಿಗೆ ಹೇಳೋದೇ ಬೇರೆ, ಅಲ್ವಾ? ನೀನು ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿದ್ದೀಯ. ಒಂದು ಜಾಯಿಂಟು ಬಿಗಿ ಮಾಡಿಸೋದಕ್ಕೆ, ಟೈಲ್ಸ್ ಸಂದಿಗೆ ಸಿಮೆಂಟು ತುಂಬಿಸೋದಕ್ಕೆ ಯಾವ ಕ್ಲೇಮೂ ಬೇಡ. ಕೈಯಿಂದ ಕೊಟ್ಟು ಮುಗಿಸು. ಬಿಲ್ಲು ಮಾತ್ರ ಇಟ್ಟುಕೋ, ನಾಳೆ ನಿಜವಾಗಲೂ ಏನಾದರೂ ಒಡೆದರೆ, ನಾನು ನೋಡಿಕೊಂಡಿದ್ದೆ ಅನ್ನೋದಕ್ಕೆ ಅದೇ ಸಾಕ್ಷಿ. ಬಿಚ್ಚಿದ ಹಳೇ ಪೈಪಿನ ತುಂಡನ್ನೂ ಎಸೆಯೋಕೆ ಬಿಡಬೇಡ. ನಾನು ಬಿಟ್ಟೆ.

ಪಾಲಿಸಿ ಓದಿದ್ದೀಯಾ? ಓದಿರಲ್ಲ, ನಮ್ಮ ಮನೆಯಲ್ಲಿ ಯಾರು ಓದಿದ್ದಾರೆ. ಮೊದಲಿಂದ ಬೇಡ, ಏನೇನು ಸೇರಿಲ್ಲ ಅನ್ನೋ ಪುಟದಿಂದ ಶುರು ಮಾಡು. ಜಿನುಗುವಿಕೆ, ಸವೆತ, ಬೂಷ್ಟು, ಈ ಮಾತುಗಳು ಎಲ್ಲಿವೆ ನೋಡು. ಹೊರಗಿನಿಂದ ಏರಿ ಬರುವ ಪ್ರವಾಹದ ನೀರು ಕೆಲವು ಕಡೆ ಇದೇ ಪಾಲಿಸಿಯಲ್ಲಿರುತ್ತೆ, ಕೆಲವು ಕಡೆ ಬೇರೆಯದೇ ತಗೋಬೇಕು. ಚರಂಡಿ ಹಿಮ್ಮುಖವಾಗಿ ಉಕ್ಕಿ ಬಚ್ಚಲಿಂದ ಒಳಗೆ ಬರುವುದಕ್ಕೂ ಎಷ್ಟೋ ಪಾಲಿಸಿಗಳಲ್ಲಿ ಹೆಚ್ಚಿಗೆ ಕಟ್ಟಬೇಕಾಗುತ್ತೆ. ನೀರೆಲ್ಲ ನಮ್ಮ ಕಣ್ಣಿಗೆ ಒಂದೇ, ಅವರಿಗೆ ಎಲ್ಲಿಂದ ಬಂತು ಅನ್ನೋದರ ಮೇಲೆ ಬೇರೆ ಬೇರೆ ನೀರು. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೋಗುವ ಹಾಗಿದ್ದರೆ ಅದನ್ನೂ ನೋಡು, ಇಷ್ಟು ದಿನ ಮನೆ ಖಾಲಿ ಇದ್ದರೆ ನೀರಿನ ಹಾಳಿಗೆ ಕೊಡೋದಿಲ್ಲ ಅಂತ ಹಲವರು ಬರೆದಿರುತ್ತಾರೆ. 30 ದಿನ, 60 ದಿನ, ಹೀಗೆ. ಇಷ್ಟು ಹೇಳೋಕೆ ನಾನೇನು ವಕೀಲನಲ್ಲ, ಸುಟ್ಟುಕೊಂಡವನು ಅಷ್ಟೇ.

ಇನ್ನೊಂದು. ಒಂದು ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ನೀರಿನ ಮೀಟರ್ ಅಂಕಿ ಬರೆದುಕೋ. 2 ಗಂಟೆ ಯಾರೂ ನೀರು ಮುಟ್ಟಬೇಡಿ. ಆಮೇಲೆ ನೋಡು. ಅಂಕಿ ಓಡಿದ್ದರೆ ಎಲ್ಲೋ ಸೋರುತ್ತಿದೆ. ಓಡಿಲ್ಲ ಅಂದರೆ ನೆಮ್ಮದಿಯಾಗಬೇಡ, ಸ್ನಾನದ ನೀರು ಹೋಗುವ ಪೈಪು ಸೋರಿದರೆ ಮೀಟರ್‌ಗೆ ಗೊತ್ತಾಗಲ್ಲ. ಸ್ನಾನ ಆದ ಮೇಲೆ ಕಲೆ ಮುಟ್ಟಿ ನೋಡು, ತಣ್ಣಗಿದೆಯಾ ಅಂತ. ಮನೆಗೆ ಬರುವ ಮುಖ್ಯ ವಾಲ್ವ್ ಎಲ್ಲಿದೆ ಗೊತ್ತಾ? ಒಮ್ಮೆ ತಿರುಗಿಸಿ ನೋಡು. ನಮ್ಮದು ಅವತ್ತು ರಾತ್ರಿ ತುಕ್ಕು ಹಿಡಿದು ಅಲ್ಲಾಡಲೇ ಇಲ್ಲ.

ದೇವರು ದೊಡ್ಡವನು, ಆದರೂ ದೊಡ್ಡದೇನಾದರೂ ಆದರೆ ಒರೆಸೋಕೆ ಮುಂಚೆ ಫೋಟೋ ತೆಗಿ, ಅವತ್ತೇ ಕಂಪನಿಗೆ ತಿಳಿಸು, ಆದರೆ ಸರ್ವೇಯರ್ ಬರಲಿ ಅಂತ ನೀರಲ್ಲೇ ಕೂರಬೇಡ. ಹಾನಿ ಹೆಚ್ಚದ ಹಾಗೆ ನೋಡಿಕೊಳ್ಳೋದು ನಿನ್ನ ಹೊಣೆ ಅಂತಲೂ ಪಾಲಿಸಿಯಲ್ಲೇ ಇರುತ್ತೆ. 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯೋಕೆ ಶುರು.

ಅದೆಲ್ಲ ಆಮೇಲಿನ ಮಾತು. ಇವತ್ತು ಒಂದು ಪೆನ್ಸಿಲ್ ತಗೊಂಡು ಆ ಕಲೆಯ ಸುತ್ತ ಗೆರೆ ಎಳೆ, ಪಕ್ಕದಲ್ಲಿ ತಾರೀಖು ಬರೆ. ವಾರ ಬಿಟ್ಟು ಗೆರೆ ದಾಟಿದೆಯಾ ನೋಡು, ಆದರೆ ಪ್ಲಂಬರನ್ನು ಕರೆಯೋಕೆ ಆ ವಾರ ಕಾಯಬೇಡ. ಮತ್ತೆ ಬಾಗಿಲಲ್ಲಿ ನಿಂತು ಅಲ್ಲ, ಹತ್ತಿರ ಹೋಗಿ, ಮೂಗು ಗೋಡೆಗೆ ತಾಗುವಷ್ಟು ಹತ್ತಿರ ಹೋಗಿ, ವಾಸನೆ ಇದೆಯಾ ಇಲ್ಲವಾ ಅಂತ ನನಗೆ ಬರೆ.

ನಿನ್ನ,
ದೊಡ್ಡಪ್ಪ