ಹುಸಿ ‘ಮೇಡೇ’ ಕೂಗುವವರನ್ನು ಹುಡುಕಿ ಹಿಡಿಯಿರಿ

ಮಾನ್ಯ ಸಂಪಾದಕರೇ,

ವಿಮಾನಗಳಿಗೆ ಹುಸಿ ಬಾಂಬ್ ಬೆದರಿಕೆ ಬಂದರೆ ದೊಡ್ಡ ಸುದ್ದಿಯಾಗುತ್ತದೆ. 2024ರ ಅಕ್ಟೋಬರ್‌ನಲ್ಲಂತೂ ನೂರಾರು ಬಂದವು. ಆದರೆ ವಿಮಾನ ಅಪಾಯದಲ್ಲಿದೆ ಅಂತ ರೇಡಿಯೊದಲ್ಲಿ ಸುಳ್ಳು ‘ಮೇಡೇ’ ಕೂಗುವವರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ನಮ್ಮ ಚಿಕ್ಕಬಳ್ಳಾಪುರದವರಿಗೆ ಇದು ದೂರದ ವಿಷಯವಲ್ಲ.

ವಿಮಾನಗಳ ತುರ್ತು ಕರೆಗೆಂದೇ 121.5 ಮೆಗಾಹರ್ಟ್ಸ್ ಅನ್ನುವ ರೇಡಿಯೊ ಫ್ರೀಕ್ವೆನ್ಸಿ ಇದೆ. ಅಲ್ಲಿ ಪಾಸ್‌ವರ್ಡ್ ಇಲ್ಲ, ಕರೆದವರ ನಂಬರೂ ಕಾಣುವುದಿಲ್ಲ. ಕರೆ ಬಂದ ಕೂಡಲೇ ವಿಮಾನ ಸಂಚಾರ ನಿಯಂತ್ರಿಸುವ ಕಂಟ್ರೋಲರ್ ಕೇಳುತ್ತಾರೆ: ಯಾವ ವಿಮಾನ, ಎಲ್ಲಿದ್ದೀರಿ, ಎಷ್ಟು ಎತ್ತರ, ಒಳಗೆ ಎಷ್ಟು ಜನ, ಇರುವ ಇಂಧನ ಇನ್ನೆಷ್ಟು ಹೊತ್ತು ಸಾಲುತ್ತದೆ. ಉತ್ತರ ಬರಲಿಲ್ಲ ಅಂತ ಸುಳ್ಳು ಅನ್ನೋಣವೇ? ಎಂಜಿನ್ ಕೈಕೊಟ್ಟ ಪೈಲಟ್‌ಗೆ ಮೊದಲು ವಿಮಾನ ಸಂಭಾಳಿಸಬೇಕು, ಮಾತು ಆಮೇಲೆ. ರಾಡಾರ್‌ನಲ್ಲಿ ಕಾಣಲಿಲ್ಲ ಅನ್ನೋಣವೇ? ತೀರಾ ಕೆಳಗೆ ಹಾರುವ ಸಣ್ಣ ವಿಮಾನ ಕಾಣದೇ ಹೋಗಬಹುದು. ಹಾಗಾಗಿ ಸುಳ್ಳು ಅಂತ ಖಾತ್ರಿಯಾಗುವವರೆಗೂ ಅವರು ನಿಜ ಅಂತಲೇ ನಡೆದುಕೊಳ್ಳಬೇಕು, ಅದೇ ಸರಿ. ಅಷ್ಟರಲ್ಲಿ ನಿಜವಾಗಿ ಕಷ್ಟದಲ್ಲಿರುವ ಇನ್ನೊಬ್ಬರು ಅದೇ ಫ್ರೀಕ್ವೆನ್ಸಿಯಲ್ಲಿ ಕರೆದರೆ ಎರಡು ದನಿ ಸೇರಿ ಬರೀ ಕೀರಲು ಶಬ್ದ ಕೇಳುತ್ತದೆ, ಒಂದು ಮಾತೂ ಅರ್ಥವಾಗುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಆದ್ದರಿಂದ ‘ಕಂಟ್ರೋಲರ್‌ಗಳು ಇಂಥ ಕರೆಗಳನ್ನು ಕಡೆಗಣಿಸಲಿ’ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕರೆದವನನ್ನು ಹಿಡಿಯಬೇಕು, ಅಷ್ಟೇ. ನೆಲದ ಮೇಲಿನ ಸಣ್ಣ ಸೆಟ್‌ನ ದನಿ ಟವರ್‌ಗೆ ಕೇಳಿಸದಿದ್ದರೂ 35 ಸಾವಿರ ಅಡಿ ಮೇಲಿನ ವಿಮಾನಕ್ಕೆ ನೂರಾರು ಕಿಲೋಮೀಟರ್ ದೂರದಿಂದ ಕೇಳಿಸಬಹುದು. ಯಾವ ವಿಮಾನಕ್ಕೆ ಎಲ್ಲಿ ಜೋರಾಗಿ ಕೇಳಿಸಿತು ಅನ್ನುವುದೇ ಮೊದಲ ಸುಳಿವು. ಆಮೇಲೆ ದಿಕ್ಕು ಹಿಡಿಯುವ ಆಂಟೆನಾ ಬೇಕು. ಹವ್ಯಾಸಕ್ಕಾಗಿ ರೇಡಿಯೊ ನಡೆಸುವ ನಮ್ಮ ಹ್ಯಾಮ್ ರೇಡಿಯೊದವರು ಬಚ್ಚಿಟ್ಟ ಟ್ರಾನ್ಸ್‌ಮಿಟರ್ ಹುಡುಕುವುದನ್ನು ‘ಫಾಕ್ಸ್ ಹಂಟ್’ ಅಂತ ಆಟವಾಗಿಯೇ ಆಡುತ್ತಾರೆ, ಪೊಲೀಸರು ಅವರ ನೆರವು ಕೇಳಬಹುದಲ್ವಾ? 406 ಮೆಗಾಹರ್ಟ್ಸ್‌ನಲ್ಲಿ ಅಪಾಯದ ಸಂಕೇತ ಕಳಿಸುವ ತುರ್ತು ಬೀಕನ್ ಸಾಧನಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕೋಡ್ ಇರುವುದರಿಂದ, ನೋಂದಣಿ ಆಗಿದ್ದರೆ ಮಾಲೀಕರಿಗೇ ಫೋನ್ ಮಾಡಿ ವಿಚಾರಿಸಬಹುದು. ಬಾಯಲ್ಲಿ ಕೂಗುವ ಕರೆಗೆ ಆ ಅನುಕೂಲ ಇಲ್ಲ.

ಕಾನೂನಿಗೇನೂ ಕೊರತೆಯಿಲ್ಲ. ಸುಳ್ಳು ಮಾಹಿತಿ ಕೊಟ್ಟು ಹಾರುತ್ತಿರುವ ವಿಮಾನವನ್ನು ಅಪಾಯಕ್ಕೆ ದೂಡುವುದು ವಿಮಾನಯಾನ ಸುರಕ್ಷತೆಯ 1982ರ ಕಾಯ್ದೆಯಲ್ಲೇ ಅಪರಾಧ. ಜಾರಿ ಆಗಬೇಕು. ವಿಮಾನದ ಫ್ರೀಕ್ವೆನ್ಸಿಯಲ್ಲಿ ಮಾತಾಡಬಲ್ಲ ಸೆಟ್‌ಗಳನ್ನು ಲೈಸೆನ್ಸ್ ನೋಡದೆ ಆನ್‌ಲೈನ್‌ನಲ್ಲಿ ಮಾರುವವರನ್ನೂ ಬಿಡಬಾರದು. ಕೇಂದ್ರದ ದೂರಸಂಪರ್ಕ ಇಲಾಖೆ ಮತ್ತು ಜಿಲ್ಲಾ ಪೊಲೀಸರು ಈ ಬಗ್ಗೆ ಒಟ್ಟಿಗೆ ಕೂತು ಮಾತಾಡಲಿ.

– ಓದುಗ, ಚಿಕ್ಕಬಳ್ಳಾಪುರ