ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿಸುವ ಮಗಳಿಗೆ

ದಾವಣಗೆರೆ

ಮಗಳೇ, ಅಪ್ಪನ ಆಶೀರ್ವಾದಗಳು.

ತರಗತಿಗೆ ಮೊದಲು ಎದೆ ಹೊಡೆದುಕೊಳ್ಳುತ್ತದೆ, ಈ ಕೆಲಸಕ್ಕೆ ನಾನು ತಕ್ಕವಳಲ್ಲವೇನೋ ಎಂದೆಯಲ್ಲ, ಆ ಮಾತು ನನ್ನನ್ನು ಬಿಟ್ಟಿಲ್ಲ. ನೀನು ತಕ್ಕವಳೇ. ಇಷ್ಟು ವರ್ಷ ಡ್ರೈವಿಂಗ್ ಕಲಿಸಿದರೂ, ಹೊಸಬರನ್ನು ಮೊದಲ ಸಲ ಪಿ.ಬಿ. ರಸ್ತೆಗೆ ಇಳಿಸುವ ದಿನ ನನ್ನ ಎದೆಯೂ ಬಡಿಯುತ್ತದೆ.

ಇನ್ನೊಂದು ವಿಷಯ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ನಮ್ಮೂರು 600. ಅಲ್ಲಿ ಗಾಳಿ ತೆಳು, ಹೃದಯ ಬೇಗ ಬಡಿಯುವುದು ಸಹಜ. ಬಡಿತವನ್ನೆಲ್ಲ ಭಯದ ಲೆಕ್ಕಕ್ಕೆ ಬರೆದುಕೊಳ್ಳಬೇಡ. ಭಯವೇ ಆದರೆ, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡು, ಬಡಿತ ಇಳಿಯುತ್ತದೆ. ಸ್ಟೀರಿಂಗ್ ಕೊಡುವ ಮುನ್ನ ನಾನು ಎಲ್ಲರಿಂದಲೂ ಇದನ್ನು ಮಾಡಿಸುತ್ತೇನೆ.

ಹೆದರಿದವರು ಹಿಂದಕ್ಕೆ ವಾಲುತ್ತಾರೆ, ಭಾರ ಸ್ಕೀಗಳ ಹಿಂತುದಿಗೆ ಬಿದ್ದು ತಿರುಗಿಸಲೂ ನಿಲ್ಲಿಸಲೂ ಆಗುವುದಿಲ್ಲ ಎಂದು ನೀನೇ ವಿವರಿಸಿದ್ದೆ. ಕಾರಿನಲ್ಲಿ ಹೆದರಿದವರು ಬಾನೆಟ್ಟನ್ನೇ ದಿಟ್ಟಿಸುತ್ತಾರೆ. ಆಗ ನಾಲ್ಕು ಸೂಚನೆ ಕೊಟ್ಟರೆ ಒಂದೂ ಕಿವಿಗೆ ಬೀಳುವುದಿಲ್ಲ. "ದೂರ ನೋಡಿ" ಎನ್ನುತ್ತೇನೆ, ಅಷ್ಟೇ. ನೀನೂ ಒಂದೇ ಮಾತು ಆರಿಸಿಕೊ, ಅದನ್ನು ಮೆಲ್ಲಗೆ ಹೇಳು. ನನ್ನ ಕಾಲಡಿ ಇನ್ನೊಂದು ಬ್ರೇಕ್ ಇರುತ್ತದೆ, ನಿನಗೆ ಅದೂ ಇಲ್ಲ. ನಿನ್ನ ಕೆಲಸ ನನ್ನದಕ್ಕಿಂತ ಕಷ್ಟದ್ದು ಮಗಳೇ.

ನನ್ನ ಚಿಂತೆ ನಿನ್ನ ಅಳುಕಿನದಲ್ಲ, ಬಂದವರು ಹೇರುವ ಒತ್ತಡದ್ದು. ಸ್ಕೀಗಳ ಮುಂತುದಿ ಕೂಡಿಸಿ ವೇಗ ತಗ್ಗಿಸಲೂ ಬಾರದವರು, ಎರಡೇ ದಿನದ ರಜೆಯಲ್ಲಿ ಗೊಂಡೋಲಾ, ಅಂದರೆ ಕೇಬಲ್ ಕಾರು, ಹತ್ತಿ ಅಫರ್ವಾತ್ ಬೆಟ್ಟದಿಂದ ಇಳಿಯಬೇಕು, ಹಣ ಕೊಟ್ಟಿದ್ದೇವೆ ಎನ್ನುತ್ತಾರಂತೆ. ಇಲ್ಲಿಯೂ ಹಾಗೆಯೇ. ಎಲ್‌ಎಲ್‌ಆರ್ ಆಗಿ 30 ದಿನ ಕಳೆದರೆ ಸಾಕು, ಕ್ಲಚ್ ಹಿಡಿತಕ್ಕೆ ಬಾರದವರೂ ಟೆಸ್ಟಿಗೆ ಕರೆದೊಯ್ಯಿರಿ ಎಂದು ಪಟ್ಟು ಹಿಡಿಯುತ್ತಾರೆ. ನಾನು ಒಪ್ಪುವುದಿಲ್ಲ. ಕೆಲವರು ಬೇರೆ ಕಡೆ ಹೋದರು, ಹೋಗಲಿ.

ನೀನೂ ಒಪ್ಪಬೇಡ. ಆದರೆ ಆಗದು ಎಂಬ ಮಾತನ್ನು ಗೊಂಡೋಲಾದ ಸಾಲಿನಲ್ಲಿ ನಿಂತು ಹೇಳಲು ಹೋಗಬೇಡ. ಅಷ್ಟು ಜನರ ಮುಂದೆ ಅವರಿಗೂ ಅವಮಾನ, ನಿನಗೂ ದನಿ ಏಳುವುದಿಲ್ಲ. ಸಣ್ಣ ಇಳಿಜಾರಿನಲ್ಲಿ ತಾವಾಗಿಯೇ ನಿಲ್ಲಬಲ್ಲವರನ್ನು ಮಾತ್ರ ಮೇಲೆ ಕರೆದೊಯ್ಯುತ್ತೇನೆ ಎಂದು ಮೊದಲ ದಿನ, ಬೂಟು ಕಟ್ಟಿಸುವಾಗಲೇ ಹೇಳಿಬಿಡು. ನಿನ್ನ ಹಿರಿಯ ತರಬೇತುದಾರರಿಗೂ ಮುಂಚಿತವಾಗಿ ತಿಳಿಸಿಟ್ಟಿರು. ಅದಕ್ಕಾಗಿ ಕೆಲಸ ಹೋದರೆ ಹೋಗಲಿ, ಮನೆ ಇದೆ, ನಾವಿದ್ದೇವೆ.

ಈ ವಾರ ಹೊಸ ತಂಡ ಬರುತ್ತದೆ ಎಂದಿದ್ದೆ. ಅವರು ಏನೆಂದರು, ನೀನು ಏನೆಂದೆ, ಫೋನ್ ಮಾಡಿ ತಿಳಿಸು.

ನಿನ್ನ ಅಪ್ಪ